ಮುಂಬಯಿಯಲ್ಲಿ ಇಂಡೀ ರಾಕ್ ಕೇಳುವ ಬಗೆ: ಕಿವಿ, ಕಿಸೆ ಮತ್ತು ಕೊನೆಯ ಲೋಕಲ್

ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಸಿಕ್ಕಿದರೆ ಒಂದು ಗಂಟೆ ಚಿಲ್ಲರೆ. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿಯಿರಿ. ಆ ಹೊತ್ತಿನಲ್ಲಿ ಕೆಲವರು ತಾಳ ಹಿಡಿದು ಭಜನೆ ಮಾಡುತ್ತಾರೆ. ಲೇಡೀಸ್ ಡಬ್ಬಿಯಲ್ಲಿ ರಾತ್ರಿಯ ಪಲ್ಯಕ್ಕೆ ಸೊಪ್ಪು ಬಿಡಿಸುತ್ತಾರೆ. ಉಳಿದವರು ನಿಂತಲ್ಲೇ ನಿದ್ದೆ ಹೊಡೆಯುತ್ತಾರೆ. ನಾನು ಇಂಡೀ ರಾಕ್ ಕೇಳುತ್ತೇನೆ. ಹನ್ನೆರಡು ವರ್ಷದಿಂದ ಇದೇ ಕಥೆ.

ಹಾಗಾಗಿ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮದಲ್ಲೋ ಮದುವೆ ಮನೆಯಲ್ಲೋ ಕಾಲೇಜಿಗೆ ಹೋಗುವ ಹುಡುಗರು ಹಿಡಿದುಕೊಳ್ಳುತ್ತಾರೆ. "ಅಣ್ಣ, ಇದನ್ನೆಲ್ಲ ಎಲ್ಲಿಂದ ಶುರು ಮಾಡುವುದು? ಎಲ್ಲಿ ಹೋಗಿ ಕೇಳುವುದು?" ಅವರಿಗೆ ಊಟದ ಪಂಕ್ತಿಯಲ್ಲಿ ನಿಂತು ಹೇಳಿದ್ದನ್ನೇ ಇಲ್ಲಿ ಕೂತು ಬರೆದಿದ್ದೇನೆ. ನನ್ನ ಹಟ ಒಂದೇ. ಒಳ್ಳೆಯ ಬ್ಯಾಂಡ್ ಯಾವುದು ಎಂದು ಯಾರನ್ನೂ ಕೇಳಬೇಡಿ, ನನ್ನನ್ನೂ. ನಿಮ್ಮ ಕಿವಿಗೆ ಈಗಾಗಲೇ ಏನು ರೂಢಿಯಾಗಿದೆ ನೋಡಿಕೊಂಡು ಅಲ್ಲಿಂದ ಹೊರಡಿ. ಆಮೇಲೆ ಆದಷ್ಟು ಬೇಗ ಫೋನ್ ಬದಿಗಿಟ್ಟು, ಒಂದು ಸಣ್ಣ ಕೋಣೆಯಲ್ಲಿ ನಿಂತು ಕೇಳಿ.

ಮೊದಲು ಹೆಸರಿನ ಗೊಂದಲ ಮುಗಿಸಿಕೊಳ್ಳಿ

ಇಂಡೀ ಎಂದರೆ ಇಂಡಿಪೆಂಡೆಂಟ್. ಶುರುವಿನಲ್ಲಿ ಈ ಪದಕ್ಕೂ ರಾಗಕ್ಕೂ ಸಂಬಂಧವೇ ಇರಲಿಲ್ಲ. ರೆಕಾರ್ಡಿಗೆ ದುಡ್ಡು ಹಾಕಿದ್ದು ಯಾರು ಎಂಬುದಷ್ಟೇ ಅದರ ಲೆಕ್ಕ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರ್‌ನ ಬಝ್‌ಕಾಕ್ಸ್ ಎಂಬ ಬ್ಯಾಂಡ್ ಸುಮಾರು 500 ಪೌಂಡ್ ಸಾಲ ಎತ್ತಿ, ತಮ್ಮದೇ ಲೇಬಲ್ಲಿನ (ಅಂದರೆ ರೆಕಾರ್ಡ್ ತರುವ ಕಂಪನಿಯ) ಹೆಸರಿನಲ್ಲಿ ನಾಲ್ಕು ಹಾಡಿನ ರೆಕಾರ್ಡ್ ತಂದಿತು. ಮೊದಲ ಸಲ ಒತ್ತಿಸಿದ್ದು 1,000 ಪ್ರತಿ. ಮುಂಬಯಿ ಕನ್ನಡಿಗರಿಗೆ ಇದು ಹೊಸತೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು ಸ್ವಂತ ದುಡ್ಡಿನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿ, ಮಾಟುಂಗಾದ ಸಭೆಗಳಲ್ಲಿ ಕೈಯಿಂದ ಕೈಗೆ ಮಾರಿದ್ದೂ ಇದೇ ಕೆಲಸ ಅಲ್ವಾ?

ಆಮೇಲೆ 1986ರಲ್ಲಿ ಇಂಗ್ಲೆಂಡಿನ ಒಂದು ಸಂಗೀತ ಪತ್ರಿಕೆ 22 ಬ್ಯಾಂಡ್‌ಗಳ ಒಂದೊಂದು ಹಾಡು ಸೇರಿಸಿ ಕ್ಯಾಸೆಟ್ ತಂದಿತು. ಅಲ್ಲಿಂದ ಮುಂದೆ ಇಂಡೀ ಎಂದರೆ ಒಂದು ಬಗೆಯ ಸದ್ದು ಎಂದಾಯಿತು. ಗಿಟಾರ್ ಮುಂದೆ, ತಿದ್ದಿ ತೀಡದ ದನಿ, ಸ್ವಲ್ಪ ನಾಚಿಕೆಯ ಹಾಡು. ಅದೇ 1986ರಲ್ಲಿ ನಮ್ಮ ಮುಂಬಯಿಯಲ್ಲಿ ಇಂಡಿಪೆಂಡೆನ್ಸ್ ರಾಕ್ ಉತ್ಸವ ಶುರುವಾಯಿತು. ಅದರ ಕಥೆ ಮುಂದೆ ಬರುತ್ತದೆ.

ಒಂದು ಎಚ್ಚರಿಕೆ. ನಮ್ಮ ದೇಶದ ಆಪ್‌ಗಳಲ್ಲಿ ಇಂಡೀ ಎಂದು ಒತ್ತಿದರೆ ಸಿನಿಮಾದ್ದಲ್ಲದ ಎಲ್ಲವೂ ಬರುತ್ತದೆ. ಪಾಪ್, ರ‍್ಯಾಪ್, ಮದುವೆ ವಿಡಿಯೋಕ್ಕೆ ಹಾಕುವ ಹಾಡು, ಎಲ್ಲ. ಅದನ್ನು ಕೇಳಬೇಡಿ ಎನ್ನುವುದಿಲ್ಲ. ಆದರೆ ಗಿಟಾರ್ ಬ್ಯಾಂಡ್ ಹುಡುಕುತ್ತಿದ್ದರೆ ಆ ಬಾಗಿಲಿನಿಂದ ಒಳಗೆ ಹೋಗಬೇಡಿ.

ನಿಮ್ಮ ಕಿವಿ ಎಲ್ಲಿ ನಿಲ್ಲುತ್ತದೆ ನೋಡಿ

ಇದೇ ಮುಖ್ಯ ಹೆಜ್ಜೆ. ಇದಕ್ಕೆ ಒಂದು ವಾರ ಕೊಡಿ. ನಿಮಗೆ ಈಗಾಗಲೇ ಇಷ್ಟವಾದ ಐದು ಹಾಡು ತೆಗೆದುಕೊಳ್ಳಿ. ಯಾವ ಭಾಷೆಯದ್ದಾದರೂ ಸರಿ, ಸಿನಿಮಾದ್ದಾದರೂ ಸರಿ. ಪ್ರತಿ ಹಾಡನ್ನೂ ಮೂರು ಸಲ ಕೇಳಿ. ಮೂರನೇ ಸಲ ಕಿವಿ ತಾನಾಗಿ ಎಲ್ಲಿಗೆ ಹೋಯಿತು? ಮಾತಿಗಾ, ತಾಳಕ್ಕಾ, ದನಿಗಾ, ಹಿಂದೆ ಗುಂಯ್‌ಗುಡುವ ಸದ್ದಿಗಾ? ಒಂದು ಪುಸ್ತಕದಲ್ಲಿ ಬರೆದಿಡಿ. ಐದರಲ್ಲಿ ಮೂರು ಸಲ ಒಂದೇ ಉತ್ತರ ಬಂದರೆ ಅದೇ ನಿಮ್ಮ ದಾರಿ.

ತಾಳ ಎಣಿಸುವವರು ನಮ್ಮಲ್ಲಿ ಜಾಸ್ತಿ. ಚಿಕ್ಕಂದಿನಲ್ಲಿ ಮಾಟುಂಗಾದಲ್ಲೋ ಚೆಂಬೂರಿನಲ್ಲೋ ಮೃದಂಗ ಕ್ಲಾಸಿಗೆ ಹೋಗಿ, ಅರ್ಧಕ್ಕೆ ಬಿಟ್ಟವರು ಪ್ರತಿ ಕಟ್ಟಡದಲ್ಲೂ ಒಬ್ಬರಿರುತ್ತಾರೆ. ಕ್ಲಾಸು ಬಿಟ್ಟರೂ ಬೆರಳು ಬಿಡುವುದಿಲ್ಲ. ಅವರು ಸೀದಾ ಮ್ಯಾತ್ ರಾಕ್‌ಗೆ ಹೋಗಬೇಕು. ಮಾಮೂಲು ರಾಕ್ ಹಾಡು ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಮ್ಯಾತ್ ರಾಕ್ ಐದಕ್ಕೂ ಏಳಕ್ಕೂ ಹಾರುತ್ತದೆ. ಏಳು ಎಂದರೆ ನಮಗೆ ಮಿಶ್ರ ಛಾಪು, ತಕಿಟ ತಕಧಿಮಿ. ಐದು ಎಂದರೆ ಖಂಡ ಛಾಪು. ರಾಕ್ ಮಾತ್ರ ಕೇಳಿ ಬೆಳೆದವರು ತಲೆ ಕೆರೆದುಕೊಳ್ಳುವ ಕಡೆ ನಿಮ್ಮ ಬೆರಳು ಆರಾಮಾಗಿ ತೊಡೆಯ ಮೇಲೆ ಎಣಿಸುತ್ತಿರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಅಮೆರಿಕನ್ ಫುಟ್‌ಬಾಲ್ ಬ್ಯಾಂಡಿನಿಂದ ಶುರು ಮಾಡಿ. 1999ರಲ್ಲಿ ಒಂದು ಆಲ್ಬಂ ಮಾಡಿದರು, ಬ್ಯಾಂಡ್ ಮುಚ್ಚಿದರು. ಆಲ್ಬಂ ಬಾಯಿಂದ ಬಾಯಿಗೆ ಹಬ್ಬುತ್ತಲೇ ಹೋಯಿತು. 2014ರಲ್ಲಿ ಮತ್ತೆ ಒಂದಾಗಿ ವೇದಿಕೆ ಹತ್ತಬೇಕಾಯಿತು.

ಇನ್ನು ಕೆಲವರಿಗೆ ಸದ್ದೇ ಬೇಕು. ಎದೆಗೆ ಬಂದು ಬಡಿಯಬೇಕು. ಅವರಿಗೆ ಶೂಗೇಝ್. ವೇದಿಕೆಯ ಮೇಲೆ ಗಿಟಾರ್ ಹಿಡಿದವರು ಕಾಲಡಿಯ ಪೆಡಲ್ (ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆ) ನೋಡುತ್ತಾ ತಲೆ ತಗ್ಗಿಸಿಯೇ ನಿಂತಿರುತ್ತಿದ್ದರು. ಶೂ ನೋಡುವವರು ಎಂದು ಪತ್ರಿಕೆಯವರು ಗೇಲಿ ಮಾಡಿದ್ದೇ ಹೆಸರಾಗಿ ಉಳಿಯಿತು. ಇದರಲ್ಲಿ ಗಿಟಾರ್ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಹಾಡುವ ದನಿ ಆ ಗೋಡೆಯ ಹಿಂದಿನಿಂದ ಬರುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ ಗಿಟಾರಿಸ್ಟ್ ತಂತಿ ಮೀಟುವಾಗಲೇ ತಂತಿಯ ಬಿಗಿ ಹೆಚ್ಚು ಕಡಿಮೆ ಮಾಡುವ ಟ್ರೆಮೊಲೋ ಕಡ್ಡಿಯನ್ನೂ ಅಲ್ಲಾಡಿಸುತ್ತಿರುತ್ತಾರೆ. ಹಾಗಾಗಿ ಸ್ವರ ಒಂದು ಕಡೆ ನಿಲ್ಲದೆ ಜಾರುತ್ತಲೇ ಇರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಈ ಜಾರಾಟ ಬೇಗ ಹಿಡಿಸುತ್ತದೆ ಎಂಬುದು ನನ್ನ ಅನುಭವ. ತುಂಬಾ ಜೋರಾಯಿತು ಎನಿಸಿದರೆ ಸ್ಲೋಡೈವ್ ಕೇಳಿ, ಅದು ಮೆತ್ತಗೆ.

ಫೋರ್ಟ್‌ನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ನನ್ನ ಚಿಕ್ಕಪ್ಪನಿಗೆ ಒಮ್ಮೆ ಇದನ್ನು ಕೇಳಿಸಿದೆ. ಇಯರ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟರು.

"ಎಂತ ಮಾರಾಯ ಇದು? ಮಿಕ್ಸಿಗೆ ಹಾಕಿದ ಹಾಗೆ ಉಂಟಲ್ಲ."

"ಚಿಕ್ಕಪ್ಪ, ನೀವು ಯಕ್ಷಗಾನದ ಆಟಕ್ಕೆ ಹೋದರೆ ಚೆಂಡೆಯ ಪಕ್ಕದಲ್ಲೇ ಕೂರುವುದಲ್ಲವಾ? ಅದಕ್ಕಿಂತ ಜೋರಾ?"

"ಚೆಂಡೆಗೆ ಒಂದು ಲೆಕ್ಕ ಉಂಟು."

ಇದಕ್ಕೂ ಉಂಟು ಎಂದು ಅವರಿಗೆ ಇವತ್ತಿನವರೆಗೂ ಒಪ್ಪಿಸಲು ನನಗೆ ಆಗಿಲ್ಲ. ಪರವಾಗಿಲ್ಲ, ಅವರ ಕಿವಿ ಅವರದು.

ಭಾವಗೀತೆಯ ಮನೆಯವರು, ಅಂದರೆ ಮಾತು ಕೇಳಿಸದಿದ್ದರೆ ಹಾಡೇ ಅಲ್ಲ ಎನ್ನುವವರು, ಮ್ಯಾಂಚೆಸ್ಟರ್‌ನ ದಿ ಸ್ಮಿತ್ಸ್ ಕಡೆ ಹೋಗಲಿ. ಗಿಟಾರ್ ತಿಳಿಯಾಗಿ, ಗೆಜ್ಜೆಯ ಹಾಗೆ ಕಿಣಿಕಿಣಿ ಅನ್ನುತ್ತದೆ. ಅದರ ಮೇಲೆ ಚುಚ್ಚು ಮಾತಿನ ಹಾಡು. ಈ ಕಿಣಿಕಿಣಿಗೆ ಜ್ಯಾಂಗಲ್ ಎನ್ನುತ್ತಾರೆ. ಹತ್ತಿರದಲ್ಲಿ ಬೇಕು ಎಂದರೆ ಪುಣೆಯ ಈಝಿ ವಾಂಡರ್ಲಿಂಗ್ಸ್ ಇದ್ದಾರೆ. ಅವರದು ಜನಪದದ ಕಡೆ ವಾಲುವ ಮೆತ್ತನೆ ಹಾಡು. ಹಿಂದಿಯಲ್ಲಿ ರಾಕ್ ಬೇಕಿದ್ದರೆ ದಿ ಲೋಕಲ್ ಟ್ರೈನ್. ಹೆಸರು ಕೇಳಿ ಮುಂಬಯಿಯವರು ಅಂದುಕೊಳ್ಳಬೇಡಿ, ಉತ್ತರದವರು.

ಮಾತೇ ಬೇಡ, ಆಲಾಪನೆಯ ಹಾಗೆ ನಿಧಾನಕ್ಕೆ ಏರಬೇಕು ಎನ್ನುವವರಿಗೆ ಪೋಸ್ಟ್-ರಾಕ್. ಹತ್ತು ನಿಮಿಷದ ಹಾಡಿನಲ್ಲಿ ಎಂಟು ನಿಮಿಷ ಏರುವುದೇ ಆಗಿರುತ್ತದೆ. ಗ್ಲಾಸ್ಗೋದ ಮೊಗ್ವಾಯ್, ಟೆಕ್ಸಸ್‌ನ ಎಕ್ಸ್‌ಪ್ಲೋಶನ್ಸ್ ಇನ್ ದಿ ಸ್ಕೈ, ನಮ್ಮ ದೇಶದ ಆಸ್‌ವೀಕೀಪ್‌ಸರ್ಚಿಂಗ್. ಬೇಸ್ ಗಿಟಾರಿಗೆ, ಅಂದರೆ ಕೆಳಸ್ವರದ ಗಿಟಾರಿಗೆ, ಕಿವಿ ಹೋಗುವವರು ಜಾಯ್ ಡಿವಿಜನ್ ಕೇಳಲೇಬೇಕು. ಅಲ್ಲಿ ಬೇಸ್ ಕೆಳಗೆ ಕೂತು ತಾಳ ಹಿಡಿಯುವುದಿಲ್ಲ, ಮೇಲಿನ ಸ್ವರಗಳಿಗೆ ಹತ್ತಿ ತಾನೇ ರಾಗ ಹಾಡುತ್ತದೆ. ಒರಟು ಇಷ್ಟವಿದ್ದರೆ ನ್ಯೂಯಾರ್ಕಿನ ದಿ ಸ್ಟ್ರೋಕ್ಸ್ 2001ರಲ್ಲಿ ತಂದ ಮೊದಲ ಆಲ್ಬಂ. ಹಾಡುಗಾರನ ದನಿ ಹಳೆಯ ಎಸ್‌ಟಿಡಿ ಬೂತಿನಿಂದ ಮಾತಾಡಿದ ಹಾಗಿದೆ. ಬೇಕೆಂದೇ ಹಾಗೆ ಮಾಡಿದ್ದು, ದನಿಯನ್ನು ಒಂದು ಸಣ್ಣ ಆಂಪ್ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ) ಮೂಲಕ ಹಾಯಿಸಿ.

ಅಪ್ಪ ಅಮ್ಮನ ಕಾಲದ ಸಿನಿಮಾ ಹಾಡು ನಿಮ್ಮ ಐದರ ಪಟ್ಟಿಯಲ್ಲಿ ಬಂತಾ? ಹಾಗಾದರೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ. ಹೆಸರು ಕಂಪನಿ, ಆದರೆ ಅದು ಬ್ಯಾಂಡು. ಜಾಝ್, ಕ್ಯಾಬರೆ, ಹಳೆಯ ಹಿಂದಿ ಸಿನಿಮಾದ ವಾಸನೆ ಎಲ್ಲ ಒಂದೇ ಪಾತ್ರೆಯಲ್ಲಿ. ನಮ್ಮ ದೇಶದಲ್ಲಿ ನನಗೆ ಅತಿ ಇಷ್ಟದ ಬ್ಯಾಂಡ್ ಇದೇ. ಮೇಲೆ ನನ್ನನ್ನು ಕೇಳಬೇಡಿ ಎಂದಿದ್ದೆ, ನೆನಪಿದೆ.

ಕನ್ನಡದಲ್ಲಿಲ್ಲವಾ ಎಂದು ಕೇಳುವವರಿಗೆ: ಗಿಟಾರ್ ಹಿಡಿದು ಶರೀಫಜ್ಜನ ತತ್ವಪದ ಹಾಡಿದ ರಘು ದೀಕ್ಷಿತ್ ಎಲ್ಲರಿಗೂ ಗೊತ್ತು. ಅವರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ಮುಂಬಯಿಯ ವಿಶಾಲ್-ಶೇಖರ್ ಜೋಡಿಯ ಲೇಬಲ್ಲಿನಿಂದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ಸ್ವರಾತ್ಮ ಕೂಡ ಹಿಂದಿಯ ಜೊತೆ ಕನ್ನಡದಲ್ಲಿ ಹಾಡುತ್ತದೆ. ಇವರದು ಜನಪದ ರಾಕ್. ಮೇಲೆ ಹೇಳಿದ ನಾಚಿಕೆಯ ಇಂಡೀಗೂ ಇವರಿಗೂ ದೂರ ಇದೆ. ಆದರೆ ಬ್ಯಾಂಡು ಲೈವ್ ಹೇಗಿರುತ್ತದೆ ಎಂದು ಮನೆಯ ಹಿರಿಯರಿಗೆ ತೋರಿಸಲು ಇವರಿಗಿಂತ ಒಳ್ಳೆಯವರಿಲ್ಲ.

ನಾಲ್ಕು ವಾರ, ನಾಲ್ಕೇ ಆಲ್ಬಂ

ದಾರಿ ಸಿಕ್ಕಿತು ಅಂದುಕೊಳ್ಳಿ. ಈಗ ನಲವತ್ತು ಬ್ಯಾಂಡ್ ಸೇವ್ ಮಾಡುವ ಚಪಲ ಬರುತ್ತದೆ. ಬೇಡ. ವಾರಕ್ಕೆ ಒಂದು ಆಲ್ಬಂ. ಮೊದಲಿನಿಂದ ಕೊನೆಯವರೆಗೆ, ಹಾಡು ಹಾರಿಸದೆ, ವಾರದಲ್ಲಿ ಕನಿಷ್ಠ ಮೂರು ಸಲ. ಹೆಚ್ಚಿನ ಆಲ್ಬಂಗಳು 35ರಿಂದ 45 ನಿಮಿಷ. ಡೊಂಬಿವಲಿಯಲ್ಲಿ ಹತ್ತಿ ಒತ್ತಿದರೆ ದಾದರ್ ಬರುವುದರೊಳಗೆ ಮುಗಿಯುತ್ತದೆ. ಮೊದಲ ಸಲ ಬೋರಾಗಬಹುದು. ಹಾಗಲಕಾಯಿ ಗೊಜ್ಜು ಮೊದಲ ಸಲ ತಿಂದಾಗ ಯಾರಿಗೆ ಹಿಡಿಸಿತ್ತು ಹೇಳಿ. ಮೂರನೇ ಸಲಕ್ಕೂ ಏನೂ ಆಗದಿದ್ದರೆ ಧೈರ್ಯವಾಗಿ ಬಿಟ್ಟುಬಿಡಿ. ಜಗತ್ತೆಲ್ಲ ಹೊಗಳುವ ಎಷ್ಟೋ ಆಲ್ಬಂ ನನಗೆ ತಲುಪಲೇ ಇಲ್ಲ. ಅದಕ್ಕಾಗಿ ನಾನು ಯಾರ ಹತ್ತಿರವೂ ಕ್ಷಮೆ ಕೇಳಿಲ್ಲ.

ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ, ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಲೋಕಲ್‌ನ ಗದ್ದಲದ ಮೇಲೆ ಕೇಳಿಸಲಿ ಎಂದು ವಾಲ್ಯೂಮ್ ಏರಿಸುತ್ತಾ ಹೋಗುವುದು ಎಲ್ಲರ ತಪ್ಪು. ಕಿವಿಯೊಳಗೆ ಗಟ್ಟಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತೆಗೆದುಕೊಳ್ಳಿ. ಹೊರಗಿನ ಸದ್ದು ತಡೆದರೆ ಅರ್ಧ ವಾಲ್ಯೂಮ್ ಸಾಕು. ಒಂದು ಕಿವಿ ಮಾತ್ರ ಹಾಕಿಕೊಳ್ಳಿ ಎಂದು ಅಮ್ಮ ಹೇಳುವುದು ಹಳಿ ದಾಟುವಾಗಿನ ಮಾತು. ಹಳಿ ದಾಟಲೇಬೇಡಿ, ಸೇತುವೆ ಹತ್ತಿ.

ಆಪ್ ತೋರಿಸಿದ್ದನ್ನೇ ಕೇಳುತ್ತಾ ಕೂರಬೇಡಿ

ಆಪ್ ನಿಮಗೆ ಇಷ್ಟವಾದದ್ದರ ತಮ್ಮನನ್ನು ತೋರಿಸುತ್ತದೆ, ಆಮೇಲೆ ತಮ್ಮನ ತಮ್ಮನನ್ನು. ಹೊರಗಿನವರು ಮನೆಗೆ ಬರುವುದೇ ಇಲ್ಲ. ಅದಕ್ಕೆ ಮನುಷ್ಯರು ಆರಿಸಿದ ಹಾಡು ಕೇಳಬೇಕು.

ನನ್ನ ದಿನದ ಮದ್ದು ಕೆಇಎಕ್ಸ್‌ಪಿ. ಅಮೆರಿಕದ ಸಿಯಾಟಲ್ ನಗರದ ರೇಡಿಯೋ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ. ಮಜಾ ಇರುವುದು ಗಡಿಯಾರದಲ್ಲಿ. ಅಲ್ಲಿ ಬೆಳಿಗ್ಗೆ 7 ಗಂಟೆಯಾದಾಗ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 7.30, ಚಳಿಗಾಲದಲ್ಲಿ 8.30. ಅವರ ಬೆಳಗಿನ ಕಾರ್ಯಕ್ರಮ ನಮ್ಮ ಮನೆಗೆ ಮರಳುವ ಲೋಕಲ್‌ಗೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಯಾರೋ ಕಾಫಿ ಕುಡಿಯುತ್ತಾ ಹಾಡು ಹಾಕುತ್ತಾರೆ, ಇಲ್ಲಿ ನಾವು ಠಾಣೆಯಲ್ಲಿ ಬೆವರುತ್ತಾ ಕೇಳುತ್ತೇವೆ. ಅವರ ಸ್ಟುಡಿಯೋದಲ್ಲಿ ಬ್ಯಾಂಡ್‌ಗಳು ನುಡಿಸಿದ ವಿಡಿಯೋಗಳು ಯೂಟ್ಯೂಬ್‌ನಲ್ಲಿವೆ. ಯಾರ ಕೈ ಏನು ಮಾಡುತ್ತಿದೆ ಎಂದು ನೋಡಿ ಕಲಿಯಲು ಅದು ಒಳ್ಳೆಯ ಜಾಗ.

ಕೊಳ್ಳುವುದಾದರೆ ಬ್ಯಾಂಡ್‌ಕ್ಯಾಂಪ್. ಅಲ್ಲಿ ಹಾಡು ಪೂರ್ತಿ ಕೇಳಿ ನೋಡಿ ಕೊಳ್ಳಬಹುದು. ಎಷ್ಟೋ ಬ್ಯಾಂಡ್‌ಗಳು "ನಿಮಗೆ ತೋಚಿದಷ್ಟು ಕೊಡಿ" ಎಂದಿಟ್ಟಿರುತ್ತವೆ. ಡಿಜಿಟಲ್ ಆಲ್ಬಂ ಮಾರಿದರೆ ಸಾಮಾನ್ಯವಾಗಿ ಸೈಟ್ ಹಿಡಿದುಕೊಳ್ಳುವುದು 15 ಶೇಕಡ. 2020ರ ಮಾರ್ಚ್‌ನಿಂದ ಆಗಾಗ ಒಂದು ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ನಾನು ಆ ಶುಕ್ರವಾರಕ್ಕೇ ಕಾದು ಕೊಳ್ಳುತ್ತೇನೆ.

ಅಂಗಡಿಗೆ ಹೋಗಿ ಮುಟ್ಟಿ ನೋಡುವ ಸುಖ ಈ ಊರಿನಲ್ಲಿ ಕಡಿಮೆಯಾಗಿದೆ. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿನ ಕೇಳುವ ಬೂತಿನಲ್ಲಿ ಒಂದಿಡೀ ತಲೆಮಾರು ಕೊಳ್ಳದೆಯೇ ಕಲಿತಿತ್ತು. ಎಲ್‌ಪಿ, ಅಂದರೆ ತಟ್ಟೆಯಂಥ ದೊಡ್ಡ ರೆಕಾರ್ಡ್, ನೋಡಬೇಕಿದ್ದರೆ ಮಾಹಿಮ್‌ನ ರಿವಾಲ್ವರ್ ಕ್ಲಬ್ ಇದೆ. ಚೋರ್ ಬಜಾರಿನಲ್ಲೂ ಹಳೆಯ ಎಲ್‌ಪಿ ರಾಶಿ ಸಿಗುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ಹಿಂದಿ ಸಿನಿಮಾ, ಇಂಡೀ ಹುಡುಕುವುದು ಸುಮ್ನೆ ಕಾಲು ನೋವು.

ಕೋಣೆ ಹುಡುಕುವುದು

ಈಗ ಮನೆಯಿಂದ ಹೊರಡುವ ಹೊತ್ತು. ಮೊದಲು ಸ್ವಲ್ಪ ಚರಿತ್ರೆ. ಯಾಕೆಂದರೆ ಗಿಗ್‌ಗಳು, ಅಂದರೆ ಬ್ಯಾಂಡಿನ ಲೈವ್ ಕಾರ್ಯಕ್ರಮಗಳು, ಈಗಿನ ಹಾಗೆ ಮಾಲ್ ಮತ್ತು ಮಿಲ್ಲುಗಳ ಒಳಗೆ ಸೇರಿಕೊಂಡಿದ್ದಕ್ಕೆ ಒಂದು ಕಾರಣ ಇದೆ.

ಧೋಬಿ ತಲಾವ್‌ನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕ ರಂಗಭವನ ಎಂಬ ಬಯಲು ರಂಗಮಂದಿರ ಇದೆ. ಇಂಡಿಪೆಂಡೆನ್ಸ್ ರಾಕ್ ಬೆಳೆದದ್ದು ಅಲ್ಲಿ. ಶುರುವಿನ ವರ್ಷಗಳಲ್ಲಿ ಹೆಚ್ಚಿನ ಬ್ಯಾಂಡ್‌ಗಳು ಹೊರದೇಶದವರ ಹಾಡನ್ನೇ ನುಡಿಸುತ್ತಿದ್ದವು. ಸ್ವಂತ ಹಾಡು ನಿಧಾನಕ್ಕೆ ಬಂತು. ಆದರೆ ರಂಗಭವನದ ಸುತ್ತ ಕಾಲೇಜು, ಆಸ್ಪತ್ರೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಸದ್ದಿಲ್ಲದ ವಲಯ ಎಂಬ ನಿಯಮ ಬಂದ ಮೇಲೆ ಅಲ್ಲಿ ರಾಕ್ ನಿಂತಿತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಾಗಾಗಿ ಬಯಲಿನ ಉತ್ಸವ ಇವತ್ತಿಗೂ ಹತ್ತಕ್ಕೆ ಗಂಟು ಮೂಟೆ ಕಟ್ಟುತ್ತದೆ. ತಡರಾತ್ರಿಯ ಗಿಗ್ ಎಂದರೆ ನಾಲ್ಕು ಗೋಡೆಯ ಒಳಗೆ.

ಆ ಗೋಡೆಗಳು ಸಿಕ್ಕಿದ್ದು ಲೋವರ್ ಪರೇಲ್‌ನ ಹಳೆಯ ಮಿಲ್ಲುಗಳಲ್ಲಿ. ಮಥುರಾದಾಸ್ ಮಿಲ್ ಕಾಂಪೌಂಡಿನಲ್ಲಿ 2007ರಲ್ಲಿ ಬ್ಲೂ ಫ್ರಾಗ್ ಎಂಬ ಕ್ಲಬ್ ತೆರೆಯಿತು. ಸದ್ದು ಎಂದರೆ ಹೇಗಿರಬೇಕು ಎಂದು ಊರಿಗೆ ತೋರಿಸಿ, 2016ರಲ್ಲಿ ಮುಚ್ಚಿತು. ಈಗ ಅದೇ ಕಾಂಪೌಂಡಿನಲ್ಲಿ ಆಂಟಿಸೋಶಿಯಲ್ ಎಂಬ ಬಾರ್ ಇದೆ. ಮೊದಲ ಗಿಗ್‌ಗೆ ನಾನು ಹುಡುಗರನ್ನು ಕಳಿಸುವುದು ಅಲ್ಲಿಗೇ. ಕೋಣೆ ತೀರಾ ದೊಡ್ಡದಲ್ಲ, ವೇದಿಕೆ ಹತ್ತಿರ. ಸೆಂಟ್ರಲ್ ಲೈನಿನವರಿಗೆ ಕರಿ ರೋಡ್, ವೆಸ್ಟರ್ನ್‌ನವರಿಗೆ ಲೋವರ್ ಪರೇಲ್. ಎರಡೂ ನಡೆಯುವಷ್ಟು ದೂರ. ಮಹಾಲಕ್ಷ್ಮಿಯ ಜಿ5ಎ ಎಂಬುದು ಬಾರ್ ಅಲ್ಲ, ಕಲೆಗೆಂದೇ ಇರುವ ಕಪ್ಪು ಗೋಡೆಯ ಕೋಣೆ. ಅಲ್ಲಿ ಸಂಗೀತ ಇದ್ದ ದಿನ ಜನ ಮಾತಾಡದೆ ಕೇಳುತ್ತಾರೆ. ಬಾಂದ್ರಾ, ಖಾರ್ ಕಡೆ ಬ್ಯಾಂಡು ಕರೆಸುವ ಬಾರ್‌ಗಳು ಆಗಾಗ ಹುಟ್ಟುತ್ತವೆ, ಮುಚ್ಚುತ್ತವೆ. ಈ ಊರಿನ ಬಾಡಿಗೆ ಅಂಥದ್ದು.

ಅದಕ್ಕೇ ಜಾಗದ ಹಿಂದೆ ಓಡಬೇಡಿ, ಬ್ಯಾಂಡಿನ ಹಿಂದೆ ಓಡಿ. ನಿಮಗೆ ಹಿಡಿಸಿದ ಐದಾರು ಬ್ಯಾಂಡ್‌ಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಿಂಬಾಲಿಸಿ. ಅವರ ಜೊತೆ ಯಾರು ನುಡಿಸಿದರು ನೋಡಿ, ಅವರನ್ನೂ ಸೇರಿಸಿ. ಎರಡು ತಿಂಗಳಲ್ಲಿ ಊರಿನ ಗಿಗ್‌ಗಳೆಲ್ಲ ನಿಮ್ಮ ಫೋನಿಗೆ ತಾವೇ ಬರುತ್ತವೆ. ಟಿಕೆಟ್ ಸಿಗುವುದು ಡಿಸ್ಟ್ರಿಕ್ಟ್, ಬುಕ್‌ಮೈಶೋ, ಸ್ಕಿಲ್‌ಬಾಕ್ಸ್ ಆಪ್‌ಗಳಲ್ಲಿ. ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ದುಡ್ಡು ಕೊಡದೆ ರುಚಿ ನೋಡಬೇಕಾದರೆ ಜನವರಿ-ಫೆಬ್ರವರಿಯ ಹೊತ್ತಿಗೆ ನಡೆಯುವ ಕಾಲಾ ಘೋಡಾ ಉತ್ಸವದ ಸಂಗೀತ ಕಾರ್ಯಕ್ರಮ ನೋಡಿ, ಪುಕ್ಕಟೆ.

ಗಿಗ್‌ನ ದಿನ

ವಯಸ್ಸು ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಗಟ್ಟಿ ಮದ್ಯಕ್ಕೆ 25 ತುಂಬಿರಬೇಕು. ನೀವು ಕುಡಿಯದಿದ್ದರೂ ಬಾರ್ ಇರುವ ಎಷ್ಟೋ ಕಡೆ 21ರ ಒಳಗಿನವರನ್ನು ಬಿಡುವುದಿಲ್ಲ. ಟಿಕೆಟ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಗುರುತಿನ ಚೀಟಿ ಜೊತೆಗಿರಲಿ. ಕವರ್ ಚಾರ್ಜ್ (ಒಳಗೆ ಬಿಡಲು ತೆಗೆದುಕೊಳ್ಳುವ ದುಡ್ಡು) ಇದ್ದರೆ ಅದು ಊಟ-ತಿಂಡಿಗೆ ವಜಾ ಆಗುತ್ತದಾ ಎಂದು ಬಾಗಿಲಲ್ಲೇ ಕೇಳಿ. ನಾನು ಒಂದು ಕಡೆ ಕೇಳದೆ ಒಳಗೆ ಹೋಗಿ, ಒಂದು ನಿಂಬೆ ಸೋಡಾಕ್ಕೆ ವಾರದ ತರಕಾರಿ ದುಡ್ಡು ಕೊಟ್ಟು ಬಂದಿದ್ದೇನೆ.

ಆದ್ದರಿಂದ ತಿಂದು ಹೋಗಿ. ನನ್ನ ರೂಢಿ ಹೀಗೆ: ಸಂಜೆ ಮಾಟುಂಗಾದಲ್ಲಿ ಇಳಿದು ಇಡ್ಲಿ, ಮೇಲೆ ಒಂದು ಫಿಲ್ಟರ್ ಕಾಫಿ. ಅಲ್ಲಿಂದ ಸ್ಲೋ ಲೋಕಲ್ ಹತ್ತಿದರೆ ದಾದರ್, ಪರೇಲ್, ಕರಿ ರೋಡ್. ಮೂರೇ ಸ್ಟೇಷನ್. ಹೊಟ್ಟೆ ತಣ್ಣಗಿದ್ದರೆ ಕಿವಿಯೂ ಚೆನ್ನಾಗಿ ಕೆಲಸ ಮಾಡುತ್ತದೆ.

ಟಿಕೆಟ್‌ನಲ್ಲಿ 8 ಎಂದಿದ್ದರೆ ಮೊದಲ ಬ್ಯಾಂಡ್ ಹತ್ತುವುದು ಹೆಚ್ಚಾಗಿ 9ಕ್ಕೆ. ಆದರೂ ಬೇಗ ಹೋಗಿ. ಓಪನರ್ ಎಂದು ಮೊದಲು ನುಡಿಸುವವರನ್ನು ಬಿಡುವುದು ದೊಡ್ಡ ನಷ್ಟ. ನನಗೆ ಇವತ್ತು ಇಷ್ಟವಿರುವ ಅರ್ಧದಷ್ಟು ಬ್ಯಾಂಡ್‌ಗಳನ್ನು ನಾನು ಮೊದಲು ನೋಡಿದ್ದು ಮೂವತ್ತು ಜನರ ಮುಂದೆ ಓಪನ್ ಮಾಡುತ್ತಿದ್ದಾಗ.

ನಿಲ್ಲುವ ಜಾಗ ಬಹಳ ಮುಖ್ಯ. ಎಲ್ಲರೂ ವೇದಿಕೆಯ ಮುಂದಕ್ಕೆ ನುಗ್ಗುತ್ತಾರೆ. ಅಲ್ಲಿ ನಿಮಗೆ ಕೇಳಿಸುವುದು ಎದುರಿಗಿರುವ ಆಂಪ್ ಮತ್ತು ಡ್ರಮ್. ಹಾಡುವ ದನಿ ಬರುವ ದೊಡ್ಡ ಸ್ಪೀಕರ್ ನಿಮ್ಮ ತಲೆಯ ಆಚೆ ಈಚೆ ಇರುತ್ತದೆ. ಗೋಡೆಯ ಮೂಲೆಯಲ್ಲಿ ನಿಂತರೆ ಬೇಸ್ ಗುಡುಗುಡು ಎಂದು ಸೇರಿಕೊಳ್ಳುತ್ತದೆ. ಹಿಂದೆ ನೋಡಿ, ನೂರು ಬಟನ್‌ಗಳ ಟೇಬಲ್ಲಿನ ಮುಂದೆ ಒಬ್ಬರು ಕೂತಿರುತ್ತಾರೆ. ಅವರೇ ಸೌಂಡ್ ಎಂಜಿನಿಯರ್. ಅವರು ಸದ್ದನ್ನು ಹೊಂದಿಸುವುದು ತಮ್ಮ ಕಿವಿಗೆ ಕೇಳಿಸಿದ ಹಾಗೆ. ಅವರ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತರೆ ಅವತ್ತಿನ ರಾತ್ರಿಯ ಒಳ್ಳೆಯ ಜಾಗ ನಿಮ್ಮದು. ಮೂರು ಹಾಡು ಅಲ್ಲಿ ಕೇಳಿ, ಆಮೇಲೆ ಕುಣಿಯಲು ಮುಂದೆ ಹೋಗಿ.

ಕಿವಿಗೆ ಫೋಮ್ ಇಯರ್‌ಪ್ಲಗ್ ಹಾಕಿ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಲೆಕ್ಕ ಇಷ್ಟೇ. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ರಾಕ್ ಗಿಗ್ ಸುಲಭವಾಗಿ ಆ 100ರ ಹತ್ತಿರ ಇರುತ್ತದೆ. ಹುಡುಗರು ನಗುತ್ತಾರೆ, ಅಣ್ಣ ಹತ್ತಿ ಇಟ್ಟುಕೊಂಡು ಹಾಡು ಕೇಳುತ್ತಾನೆ ಎಂದು. ನಗಲಿ. ಪ್ಲಗ್ ಹಾಕಿದರೆ ಶೂಗೇಝ್ ಬ್ಯಾಂಡಿನ ಮಾತು ಕೂಡ ಬಿಡಿಸಿ ಕೇಳಿಸುತ್ತದೆ.

ಇಡೀ ಹಾಡು ವಿಡಿಯೋ ಮಾಡಬೇಡಿ, ಮನೆಗೆ ಹೋಗಿ ಯಾರೂ ನೋಡುವುದಿಲ್ಲ. ಬ್ಯಾಂಡಿನ ಪರಿಚಯವಿದೆ ಎಂದು ಪುಕ್ಕಟೆ ಒಳಗೆ ಬಿಡುವ ಗೆಸ್ಟ್ ಲಿಸ್ಟಿನಲ್ಲಿ ಹೆಸರು ಹಾಕಿಸಬೇಡಿ. ಬಾಗಿಲ ಹತ್ತಿರ ಟೀ ಶರ್ಟ್ ಮಾರುತ್ತಿದ್ದರೆ ಒಂದು ಕೊಳ್ಳಿ. ಬ್ಯಾಂಡಿನ ವ್ಯಾನಿಗೆ ಪೆಟ್ರೋಲ್ ಆಗುತ್ತದೆ.

ದೊಡ್ಡ ಮೈದಾನ

ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಲೊಲ್ಲಾಪಲೂಝಾ 2023ರಲ್ಲಿ ಶುರುವಾಯಿತು. ಆ ವರ್ಷ ದಿ ಸ್ಟ್ರೋಕ್ಸ್ ಬಂದಿದ್ದರು. ಪುಣೆಯ ಎನ್‌ಎಚ್7 ವೀಕೆಂಡರ್ 2010ರಲ್ಲಿ ಹುಟ್ಟಿದ ಉತ್ಸವ, ನಮ್ಮ ದೇಶದ ಬ್ಯಾಂಡ್‌ಗಳಿಗೆ ದೊಡ್ಡ ವೇದಿಕೆ ಕೊಟ್ಟದ್ದು ಅದು. ನನ್ನ ಅಭಿಪ್ರಾಯ ಕೇಳಿದರೆ ಇವುಗಳಿಂದ ಶುರು ಮಾಡಬೇಡಿ. ದುಬಾರಿ, ಬಿಸಿಲು, ಒಬ್ಬರ ಸದ್ದು ಇನ್ನೊಬ್ಬರ ಮೇಲೆ. ಹೋದರೆ ಮಧ್ಯಾಹ್ನವೇ ಹೋಗಿ, ಸಣ್ಣ ವೇದಿಕೆಯ ನಮ್ಮ ಬ್ಯಾಂಡ್‌ಗಳನ್ನು ನೋಡಿ. ಟೊಪ್ಪಿ ಹಾಕಿ. ಮುಖ್ಯ ಬ್ಯಾಂಡಿನ ಕೊನೆಯ ಎರಡು ಹಾಡು ಗೇಟಿನ ಹತ್ತಿರ ನಿಂತು ಕೇಳಿ. ಎಲ್ಲರೂ ಒಟ್ಟಿಗೆ ಹೊರಟರೆ ಸ್ಟೇಷನ್ ತಲುಪಲು ನಿಮಗೆ ಒಂದು ಗಂಟೆ.

ಮನೆಗೆ ಬರುವುದು

ಲೋಕಲ್‌ಗಳು ರಾತ್ರಿ ಒಂದರ ಹೊತ್ತಿಗೆ ನಿಲ್ಲುತ್ತವೆ, ನಾಲ್ಕರ ಸುಮಾರಿಗೆ ಮತ್ತೆ ಶುರು. ಸೆಂಟ್ರಲ್‌ನಲ್ಲಿ ದೂರ ಹೋಗುವ ಗಾಡಿ ಇನ್ನೂ ಮೊದಲೇ ಮುಗಿಯುತ್ತದೆ, ಆಮೇಲಿನದು ಕುರ್ಲಾ, ಠಾಣೆಯವರೆಗೆ ಮಾತ್ರ. ಹೊರಡುವ ಮೊದಲು ನಿಮ್ಮ ಸ್ಟೇಷನ್ನಿಗೆ ಹೋಗುವ ಕೊನೆಯ ಗಾಡಿ ಎಷ್ಟಕ್ಕೆ ಎಂದು ಕೈ ಮೇಲೆ ಬರೆದುಕೊಳ್ಳಿ. ಭಾನುವಾರವಾದರೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು, ಎಲ್ಲಿ ಎಂದೂ ನೋಡಿ.

ಹೀಗೆ ಬರೆಯಲು ಕಾರಣ ಇದೆ. ಒಮ್ಮೆ ಒಂದು ಬ್ಯಾಂಡು ಇನ್ನೊಂದು ಹಾಡು, ಇನ್ನೊಂದು ಹಾಡು ಎನ್ನುತ್ತಾ ನಿಲ್ಲಿಸಲೇ ಇಲ್ಲ. ನನಗೂ ಕಾಲು ಏಳಲಿಲ್ಲ. ಕರಿ ರೋಡ್ ಮೆಟ್ಟಿಲು ಇಳಿಯುವಾಗ ಗಾಡಿಯ ಕೆಂಪು ದೀಪ ಕಂಡಿತು. ನಾನು ಡೊಂಬಿವಲಿ ಎಂದ ಕೂಡಲೇ ಟ್ಯಾಕ್ಸಿಯವನು ಗಾಜು ಏರಿಸಿದ. ದಾದರಿನವರೆಗೆ ನಡೆದೆ. ಹೂವಿನ ಮಾರುಕಟ್ಟೆಗೆ ಅಷ್ಟು ಹೊತ್ತಿಗೇ ಮೂಟೆಗಳು ಬಂದು ಬೀಳುತ್ತಿದ್ದವು. ಸೈಕಲ್ ಮೇಲಿನ ಚಹಾ ಎರಡು ಸಲ ಕುಡಿದು, ಮೊದಲ ಗಾಡಿಗೆ ಮನೆ ಸೇರಿದೆ. ಬಾಗಿಲು ತೆಗೆದ ಅಮ್ಮ ಮುಖ ನೋಡಿದರು.

"ಎಂತ, ಇಡೀ ರಾತ್ರಿ ಆಟ ನೋಡಿ ಬಂದ ಹಾಗೆ ಉಂಟಲ್ಲ. ಪ್ರಸಂಗ ಯಾವುದು?"

ಕೊನೆಯ ಕೆಲಸ ಮರುದಿನದ್ದು. ಎದ್ದು ಹಲ್ಲುಜ್ಜುವಾಗ ಬಾಯಿಗೆ ತಾನಾಗಿ ಯಾವ ಟ್ಯೂನ್ ಬಂತು ನೋಡಿ, ಅದನ್ನು ಪುಸ್ತಕದಲ್ಲಿ ಬರೆಯಿರಿ. ಓಪನರ್‌ದೇ ಬಂದಿದ್ದರೆ ಅವರ ಹೆಸರಿನ ಕೆಳಗೆ ಎರಡು ಗೆರೆ ಎಳೆಯಿರಿ. ಮುಂದಿನ ವಾರದ ಆಲ್ಬಂ ಅವರದು.